ಸೂಪರ್‌ಫಂಡ್ ಪಟ್ಟಿಯಿಂದ ಕೈಬಿಟ್ಟ ಜಾಗದಲ್ಲಿ ವಿಷ ಉಳಿದಿರುವುದಿಲ್ಲವೇ?

ಪ್ರಶ್ನೆ: ಅಮೆರಿಕದಲ್ಲಿ ನಾವು ಕೊಳ್ಳಬೇಕೆಂದಿರುವ ಮನೆಯಿಂದ ಸ್ವಲ್ಪವೇ ದೂರದಲ್ಲಿ, ಹಿಂದೆ ಸೂಪರ್‌ಫಂಡ್ ಪಟ್ಟಿಯಲ್ಲಿದ್ದ, ಅಂದರೆ ವಿಷತ್ಯಾಜ್ಯದಿಂದ ಕೆಟ್ಟು ಶುದ್ಧೀಕರಿಸಬೇಕಾದ ಜಾಗಗಳ ಸರ್ಕಾರಿ ಪಟ್ಟಿಯಲ್ಲಿದ್ದ, ಜಾಗವೊಂದಿದೆ. ಶುದ್ಧೀಕರಣ ಮುಗಿದು ಸರ್ಕಾರವೇ ಅದನ್ನು ಪಟ್ಟಿಯಿಂದ ಕೈಬಿಟ್ಟಿದೆ ಎನ್ನುತ್ತಾರೆ. ಹಾಗಾದರೆ ಅಲ್ಲಿ ಇನ್ನು ವಿಷ ಉಳಿದಿಲ್ಲ ಎಂದು ನಂಬಬಹುದೇ?

ಉತ್ತರ: ಅಷ್ಟನ್ನೇ ಆಧರಿಸಿ ನಂಬಲಾಗದು. ಪಟ್ಟಿಯಿಂದ ಕೈಬಿಡುವುದೆಂದರೆ, ಜನರ ಆರೋಗ್ಯವನ್ನೂ ಪರಿಸರವನ್ನೂ ಕಾಪಾಡಲು ಆ ಜಾಗದಲ್ಲಿ ಕಾನೂನಿನ ಪ್ರಕಾರ ಆಗಬೇಕಿದ್ದ ಕೆಲಸವೆಲ್ಲ ಆಗಿದೆ, ಹೊಸದಾಗಿ ಅಗೆಯುವುದಾಗಲಿ ಕಟ್ಟುವುದಾಗಲಿ ಬಾಕಿ ಇಲ್ಲ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ, ಅಂದರೆ ಇಪಿಎ, ತೀರ್ಮಾನಿಸಿದೆ ಎಂದರ್ಥ. ಕೆಲವು ಜಾಗಗಳಲ್ಲಿ ವಿಷಮಣ್ಣನ್ನು ನಿಜವಾಗಿಯೂ ಅಗೆದು ಸಾಗಿಸಿರುತ್ತಾರೆ ಅಥವಾ ಸುಟ್ಟಿರುತ್ತಾರೆ. ಇನ್ನು ಕೆಲವು ಕಡೆ ಅದು ಇದ್ದಲ್ಲೇ ಇರುತ್ತದೆ, ಹೊರಗೆ ಬಾರದಂತೆ ಬಂದೋಬಸ್ತು ಮಾಡಿರುತ್ತಾರೆ. ಎರಡೂ ಬಗೆಯ ಜಾಗಗಳನ್ನು ಕೈಬಿಡುವ ವಿಧಾನ ಒಂದೇ ಆಗಿರುವುದರಿಂದ, ‘ಪಟ್ಟಿಯಲ್ಲಿಲ್ಲ’ ಎಂಬ ಮಾತಿನಿಂದ ನಿಮ್ಮ ನೆರೆಯಲ್ಲಿರುವುದು ಯಾವ ಬಗೆಯದು ಎಂದು ತಿಳಿಯುವುದಿಲ್ಲ.

ಪಟ್ಟಿಗೆ ಸೇರುವ ಬಗೆಯನ್ನು ಮೊದಲು ನೋಡಿದರೆ ಹೊರಬರುವ ಬಗೆ ಸುಲಭವಾಗಿ ಅರ್ಥವಾಗುತ್ತದೆ. 1980ರ ಡಿಸೆಂಬರ್ 11ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿಗೆ, ಅದರಡಿ ಇಂಥ ಜಾಗಗಳ ಶುದ್ಧೀಕರಣಕ್ಕೆಂದು ಸ್ಥಾಪನೆಯಾದ ನಿಧಿಯ ಕಾರಣದಿಂದ ಸೂಪರ್‌ಫಂಡ್ ಎಂಬ ಹೆಸರು ರೂಢಿಯಾಯಿತು. ಮಣ್ಣು, ಅಂತರ್ಜಲ, ಮೇಲ್ಮೈ ನೀರು ಮತ್ತು ಗಾಳಿಯ ಮೂಲಕ ವಿಷ ಜನರನ್ನು ತಲುಪುವ ಸಾಧ್ಯತೆಯನ್ನು ಅಳೆದು ಪ್ರತಿ ಜಾಗಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡಲಾಗುತ್ತದೆ, 28.5 ಅಥವಾ ಅದಕ್ಕಿಂತ ಹೆಚ್ಚು ಅಂಕ ಬಂದರೆ ಅದು ರಾಷ್ಟ್ರೀಯ ಆದ್ಯತಾ ಪಟ್ಟಿಗೆ, ಅಂದರೆ ನಾವು ಸೂಪರ್‌ಫಂಡ್ ಪಟ್ಟಿ ಎನ್ನುತ್ತಿರುವುದಕ್ಕೆ, ಅರ್ಹವಾಗುತ್ತದೆ. ಈ 28.5ಕ್ಕೆ ವೈಜ್ಞಾನಿಕ ಪಾವಿತ್ರ್ಯವೇನೂ ಇಲ್ಲ. ಪಟ್ಟಿಯಲ್ಲಿ ಕನಿಷ್ಠ 400 ಜಾಗಗಳಿರಬೇಕೆಂದು ಕಾನೂನು ಹೇಳಿತ್ತು, ಅಷ್ಟು ಜಾಗಗಳು ಸಿಗುವ ಕಡೆ ಗೆರೆ ಎಳೆದರು. 1983ರ ಸೆಪ್ಟೆಂಬರ್‌ನಲ್ಲಿ ಪ್ರಕಟವಾದ ಮೊದಲ ಪಟ್ಟಿಯಲ್ಲಿ 406 ಜಾಗಗಳಿದ್ದವು. ಈಗ ಪಟ್ಟಿಯಲ್ಲಿರುವವು 1300ಕ್ಕೂ ಹೆಚ್ಚು, ಈವರೆಗೆ ಪೂರ್ತಿಯಾಗಿ ಕೈಬಿಟ್ಟವು 450ರ ಆಸುಪಾಸು. ನಾಲ್ಕು ದಶಕಗಳ ದುಡಿಮೆಗೆ ಇದು ಕಡಿಮೆಯೆನಿಸಬಹುದು, ಆದರೆ ಅಂತರ್ಜಲಕ್ಕೆ ಇಳಿದ ರಾಸಾಯನಿಕವನ್ನು ಹೊರತೆಗೆಯಲು ಹಿಡಿಯುವ ಕಾಲವನ್ನು ಬಲ್ಲವರಿಗೆ ಅಚ್ಚರಿಯಾಗುವುದಿಲ್ಲ.

ಕೈಬಿಡಲು ನಿಯಮಗಳು ಮೂರು ಸಂದರ್ಭಗಳನ್ನು ಗುರುತಿಸುತ್ತವೆ. ಮಾಲಿನ್ಯಕ್ಕೆ ಹೊಣೆಯಾದವರು ಅಥವಾ ಬೇರೆಯವರು ಮಾಡಬೇಕಾದ ಕೆಲಸವನ್ನೆಲ್ಲ ಮಾಡಿ ಮುಗಿಸಿರಬೇಕು. ಇಲ್ಲವೇ ಸರ್ಕಾರಿ ನಿಧಿಯಿಂದ ಆಗಬೇಕಾದದ್ದೆಲ್ಲ ಆಗಿದ್ದು, ಹೊಣೆಗಾರರಿಂದ ಇನ್ನೇನೂ ಮಾಡಿಸುವ ಅಗತ್ಯ ಉಳಿದಿರಬಾರದು. ಅದೂ ಅಲ್ಲವಾದರೆ, ತನಿಖೆ ಮಾಡಿ ನೋಡಿದಾಗ ಗಣನೀಯ ಅಪಾಯವೇ ಇಲ್ಲ, ಹಾಗಾಗಿ ಪರಿಹಾರ ಕಾಮಗಾರಿ ಬೇಕಿಲ್ಲ ಎಂದು ಕಂಡುಬಂದಿರಬೇಕು. ಈ ಮೂರರಲ್ಲಿ ಎಲ್ಲಿಯೂ ವಿಷದ ಕಣವೂ ಉಳಿದಿರಬಾರದು ಎಂಬ ಷರತ್ತಿಲ್ಲ. ಕ್ಯಾನ್ಸರ್‌ಕಾರಕ ವಸ್ತುಗಳ ವಿಷಯದಲ್ಲಿ ಇಪಿಎ ಒಪ್ಪಿಕೊಳ್ಳುವ ಅಪಾಯದ ಮಟ್ಟವೂ ಶೂನ್ಯವಲ್ಲ: ಜೀವಮಾನದಲ್ಲಿ ಹತ್ತು ಸಾವಿರ ಜನರಲ್ಲಿ ಒಬ್ಬರಿಂದ ಹಿಡಿದು ಹತ್ತು ಲಕ್ಷ ಜನರಲ್ಲಿ ಒಬ್ಬರವರೆಗೆ ಹೆಚ್ಚುವರಿಯಾಗಿ ಕ್ಯಾನ್ಸರ್‌ಗೆ ತುತ್ತಾಗಬಹುದಾದಷ್ಟು ಎಂಬ ವ್ಯಾಪ್ತಿಯೊಳಗೆ ಅದು ಇರಬೇಕು.

ಜಾಗ ಇರುವ ರಾಜ್ಯದ ಒಪ್ಪಿಗೆಯಿಲ್ಲದೆ ಅದನ್ನು ಪಟ್ಟಿಯಿಂದ ತೆಗೆಯುವಂತಿಲ್ಲ. ಈ ನಿಯಮದ ಹಿಂದೆ ಲೆಕ್ಕಾಚಾರವೂ ಇದೆ: ನಿಧಿಯಿಂದ ನಡೆದ ಕಾಮಗಾರಿಗಳಲ್ಲಿ ಸಾಮಾನ್ಯವಾಗಿ ಶೇಕಡ 10ರಷ್ಟು ವೆಚ್ಚವನ್ನು ರಾಜ್ಯ ಹೊರುತ್ತದೆ, ಮುಂದಿನ ನಿರ್ವಹಣೆಯ ಖರ್ಚಂತೂ ಅದರ ತಲೆಗೇ ಬರುತ್ತದೆ. ರಾಜ್ಯ ಒಪ್ಪಿದ ಮೇಲೆ, ಕೈಬಿಡುವ ಉದ್ದೇಶವನ್ನು ಕೇಂದ್ರ ಸರ್ಕಾರದ ಗೆಜೆಟ್ ಎನ್ನಬಹುದಾದ ಫೆಡರಲ್ ರಿಜಿಸ್ಟರ್‌ನಲ್ಲಿ ಪ್ರಕಟಿಸಿ, ಸ್ಥಳೀಯ ಪತ್ರಿಕೆಯಲ್ಲೂ ತಿಳಿಸಿ, ಸಾರ್ವಜನಿಕರಿಗೆ ಕನಿಷ್ಠ 30 ದಿನಗಳ ಅವಕಾಶ ಕೊಡಬೇಕು. ಬಂದ ಮುಖ್ಯ ಆಕ್ಷೇಪಗಳಿಗೆ ಲಿಖಿತ ಉತ್ತರ ಸಿದ್ಧಪಡಿಸಿದ ನಂತರವೇ ಅಂತಿಮ ಪ್ರಕಟಣೆ ಹೊರಡುತ್ತದೆ. ವಿರೋಧ ಬರಲಾರದು ಎನಿಸಿದ ಜಾಗಗಳಿಗೆ ಒಂದು ಒಳದಾರಿಯೂ ಇದೆ. ನೇರವಾಗಿ ಅಂತಿಮ ಪ್ರಕಟಣೆಯನ್ನೇ ಹೊರಡಿಸಿ, ಗಡುವಿನೊಳಗೆ ಗಂಭೀರ ಆಕ್ಷೇಪ ಬಂದರೆ ಮಾತ್ರ ಅದನ್ನು ಹಿಂದಕ್ಕೆ ಪಡೆಯುತ್ತಾರೆ.

ವಿಷವನ್ನು ಇದ್ದಲ್ಲೇ ಇಟ್ಟು ಪಟ್ಟಿಯಿಂದ ಕೈಬಿಟ್ಟದ್ದಕ್ಕೆ, ಈ ಕಾನೂನು ಹುಟ್ಟಲು ಕಾರಣವಾದ ಲವ್ ಕೆನಾಲ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ನಗರದಲ್ಲಿ 1890ರ ದಶಕದಲ್ಲಿ ವಿಲಿಯಂ ಲವ್ ಎಂಬಾತ ತೋಡಲು ಹೊರಟು ಅರ್ಧಕ್ಕೇ ಬಿಟ್ಟ ಕಾಲುವೆ ಅದು. ಹೂಕರ್ ಕೆಮಿಕಲ್ ಕಂಪನಿ 1942ರಿಂದ 1953ರವರೆಗೆ ಅದರಲ್ಲಿ 21,000 ಟನ್ನಿಗೂ ಮಿಕ್ಕಿ ರಾಸಾಯನಿಕ ತ್ಯಾಜ್ಯವನ್ನು ಹೂತು, ಮಣ್ಣು ಮುಚ್ಚಿ, ಜಾಗವನ್ನು ಒಂದು ಡಾಲರಿಗೆ ಸ್ಥಳೀಯ ಶಾಲಾ ಮಂಡಳಿಗೆ ಮಾರಿತು. ಅಲ್ಲಿ ಶಾಲೆ ಬಂತು, ಸುತ್ತ ಮನೆಗಳು ಎದ್ದವು. 1970ರ ದಶಕದಲ್ಲಿ ಮಳೆ ಮತ್ತು ಹಿಮದ ನೀರು ತುಂಬಿ ರಾಸಾಯನಿಕಗಳು ಹಿತ್ತಿಲುಗಳಿಗೂ ನೆಲಮಾಳಿಗೆಗಳಿಗೂ ಒಸರತೊಡಗಿದವು. ಲೋಯಿಸ್ ಗಿಬ್ಸ್ ಅವರ ಮುಂದಾಳತ್ವದಲ್ಲಿ ನಿವಾಸಿಗಳು ಹೋರಾಟಕ್ಕಿಳಿದರು. 1978ರ ಆಗಸ್ಟ್‌ನಲ್ಲಿ ಕಾರ್ಟರ್ ತುರ್ತುಸ್ಥಿತಿ ಘೋಷಿಸಿದರು, ಮುಂದಿನ ವರ್ಷಗಳಲ್ಲಿ 900ಕ್ಕೂ ಹೆಚ್ಚು ಕುಟುಂಬಗಳನ್ನು ಸ್ಥಳಾಂತರಿಸಲಾಯಿತು.

ಹೂತ ತ್ಯಾಜ್ಯವನ್ನು ಅಗೆದು ತೆಗೆಯುವ ಬದಲು ಅಲ್ಲೇ ಬಂಧಿಸಿಡುವ ಮಾರ್ಗವನ್ನು ಸರ್ಕಾರ ಆರಿಸಿಕೊಂಡಿತು. ಸುಮಾರು 40 ಎಕರೆಯ ಮೇಲೆ ಜೇಡಿಮಣ್ಣು ಮತ್ತು ಪ್ಲಾಸ್ಟಿಕ್ ಹೊದಿಕೆ ಹಾಸಿದರು. ಅಂಚಿನಲ್ಲಿ ಬಸಿಗಾಲುವೆಗಳನ್ನು ತೋಡಿ, ಒಸರುವ ವಿಷದ್ರವವನ್ನು ಅಲ್ಲೇ ಕಟ್ಟಿದ ಘಟಕಕ್ಕೆ ಹಾಯಿಸಿ ಶುದ್ಧೀಕರಿಸುವ ಏರ್ಪಾಡು ಮಾಡಿ, 70 ಎಕರೆಗೆ ಬೇಲಿ ಹಾಕಿದರು. ರಾಜ್ಯದ ಆರೋಗ್ಯ ಆಯುಕ್ತರು 1988ರಲ್ಲಿ ಸುತ್ತಲಿನ ಪ್ರದೇಶದ ಒಂದು ಭಾಗ ಮಾತ್ರ ವಾಸಕ್ಕೆ ಯೋಗ್ಯ, ಉಳಿದದ್ದು ವಾಣಿಜ್ಯ ಅಥವಾ ಕೈಗಾರಿಕೆಗೆ ಸಾಕು ಎಂದು ತೀರ್ಪಿತ್ತರು. ವಾಸಯೋಗ್ಯವೆಂದ ಭಾಗದಲ್ಲಿ ಪಾಳುಬಿದ್ದಿದ್ದ ಸುಮಾರು 260 ಮನೆಗಳನ್ನು ದುರಸ್ತಿ ಮಾಡಿ ಮಾರಲಾಯಿತು. ಹೂಕರ್‌ನ ಒಡೆತನ ಪಡೆದಿದ್ದ ಆಕ್ಸಿಡೆಂಟಲ್ ಕಂಪನಿ 1995ರಲ್ಲಿ ಕೇಂದ್ರ ಸರ್ಕಾರಕ್ಕೆ 12.9 ಕೋಟಿ ಡಾಲರ್ ಕೊಡಲು ಒಪ್ಪಿತು. ಕಾಮಗಾರಿಗಳು 1999ರಲ್ಲಿ ಮುಗಿದವು. 2004ರ ಸೆಪ್ಟೆಂಬರ್ 30ರಂದು ಲವ್ ಕೆನಾಲನ್ನು ಪಟ್ಟಿಯಿಂದ ಕೈಬಿಟ್ಟರು.

ಆ ದಿನ ನೆಲದೊಳಗಿನ ತ್ಯಾಜ್ಯ ಒಂದು ಹಿಡಿಯೂ ಕಡಿಮೆಯಾಗಲಿಲ್ಲ. ಬೇಲಿ, ಹೊದಿಕೆ, ಬಸಿಗಾಲುವೆ, ಶುದ್ಧೀಕರಣ ಘಟಕ, ಸುತ್ತಲಿನ ಪರೀಕ್ಷಾ ಕೊಳವೆಬಾವಿಗಳು ಎಲ್ಲವೂ ಪಟ್ಟಿಯಲ್ಲಿದ್ದಾಗ ಹೇಗೋ ಹಾಗೆಯೇ ಮುಂದುವರಿದವು, ಮುಂದೆಯೂ ಮುಂದುವರಿಯಬೇಕು. ನಿರ್ಬಂಧವಿಲ್ಲದೆ ಬಳಸಲಾಗದಷ್ಟು ವಿಷ ಉಳಿದಿರುವ ಜಾಗವನ್ನು, ಅದು ಪಟ್ಟಿಯಲ್ಲಿರಲಿ ಬಿಡಲಿ, ಕನಿಷ್ಠ ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕೆಂಬುದು ಕಾನೂನಿನ ಕಟ್ಟಳೆ. ಹೀಗೆ ಬಂಧಿಸಿಡುವುದನ್ನು ಮೋಸವೆಂದು ನಾನು ಹೇಳುವುದಿಲ್ಲ. ಕೊಳೆತ ಪೀಪಾಯಿಗಳನ್ನು ಮೇಲೆತ್ತಿ ಊರ ನಡುವೆ ಸಾಗಿಸುವುದರಲ್ಲೂ ಅಪಾಯವಿತ್ತು. ಆದರೆ ಇಂಥ ಜಾಗ ಸುರಕ್ಷಿತವಾಗಿರುವುದು ಯಾರೋ ಒಬ್ಬರು ಪ್ರತಿವರ್ಷ ಹಣ ಕೊಡುತ್ತ, ಪಂಪು ನಡೆಸುತ್ತ, ಮಾದರಿಗಳನ್ನು ಪರೀಕ್ಷಿಸುತ್ತ ಇರುವವರೆಗೆ ಮಾತ್ರ ಎಂಬುದನ್ನು ಕೈಬಿಟ್ಟ ದಿನದ ಪತ್ರಿಕಾ ಹೇಳಿಕೆಗಳು ಅಷ್ಟಾಗಿ ಒತ್ತಿ ಹೇಳುವುದಿಲ್ಲ.

ಮಿಸೌರಿಯ ಟೈಮ್ಸ್ ಬೀಚ್ ಇದಕ್ಕೆ ವಿರುದ್ಧ ದಿಕ್ಕಿನ ಕಥೆ. ಧೂಳು ಏಳದಿರಲೆಂದು 1970ರ ದಶಕದಲ್ಲಿ ಊರಿನ ರಸ್ತೆಗಳಿಗೆ ಸಿಂಪಡಿಸಿದ ಹಳೆಯ ಎಣ್ಣೆಯಲ್ಲಿ ಡಯಾಕ್ಸಿನ್ ಎಂಬ ತೀವ್ರ ವಿಷ ಬೆರೆತಿತ್ತು. 1983ರಲ್ಲಿ ಸರ್ಕಾರ ಇಡೀ ಊರನ್ನೇ ಕೊಂಡು ಖಾಲಿ ಮಾಡಿಸಿತು. ಅಲ್ಲೇ ಸ್ಥಾಪಿಸಿದ ಕುಲುಮೆಯಲ್ಲಿ 1996–97ರಲ್ಲಿ, ಆ ಊರಿನದೂ ಪೂರ್ವ ಮಿಸೌರಿಯ ಇತರ ಜಾಗಗಳದೂ ಸೇರಿ ಸುಮಾರು 2.65 ಲಕ್ಷ ಟನ್ ಮಣ್ಣು ಮತ್ತಿತರ ಪದಾರ್ಥಗಳನ್ನು ಸುಟ್ಟರು. 1999ರಲ್ಲಿ ಜಾಗ ರೂಟ್ 66 ಸ್ಟೇಟ್ ಪಾರ್ಕ್ ಎಂಬ ಉದ್ಯಾನವಾಯಿತು, 2001ರಲ್ಲಿ ಪಟ್ಟಿಯಿಂದ ಹೊರಬಂತು. ಕೆಡವಿದ ಮನೆಗಳ ಅವಶೇಷ ಉದ್ಯಾನದೊಳಗಿನ ಹುಲ್ಲು ಬೆಳೆದ ದಿಬ್ಬದ ಕೆಳಗಿದೆ. 2012ರಲ್ಲಿ ಇಪಿಎ ಮತ್ತೆ ಮಣ್ಣು ಪರೀಕ್ಷಿಸಿ, ಅಲ್ಲಿಗೆ ಬರುವವರಿಗೂ ಕೆಲಸ ಮಾಡುವವರಿಗೂ ಗಣನೀಯ ಅಪಾಯವಿಲ್ಲ ಎಂದಿತು.

ಕೈಬಿಟ್ಟ ತೀರ್ಮಾನವೇ ತಪ್ಪಾದದ್ದೂ ಉಂಟು. ನ್ಯೂಜೆರ್ಸಿಯ ರಿಂಗ್‌ವುಡ್‌ನಲ್ಲಿ ಹಳೆಯ ಕಬ್ಬಿಣದ ಗಣಿಗಳಿದ್ದ ಸುಮಾರು 500 ಎಕರೆ ಪ್ರದೇಶದಲ್ಲಿ ಫೋರ್ಡ್ ಕಂಪನಿಯ ಮಾವಾ ಕಾರ್ಖಾನೆಯ ಬಣ್ಣದ ಕೆಸರನ್ನು ಸುರಿಯಲಾಗಿತ್ತು. ರಾಮಪೋ ಲೆನಾಪೆ ಮೂಲನಿವಾಸಿ ಸಮುದಾಯದ ಮನೆಗಳಿರುವ ಜಾಗ ಅದು. 1983ರಲ್ಲಿ ಪಟ್ಟಿಗೆ ಸೇರಿ, ಒಂದಷ್ಟು ಕೆಸರನ್ನು ತೆಗೆದ ಮೇಲೆ 1994ರಲ್ಲಿ ಕೈಬಿಡಲಾಯಿತು. ಆದರೆ ನಿವಾಸಿಗಳ ಕಣ್ಣಿಗೆ ಅಲ್ಲಲ್ಲಿ ಗಟ್ಟಿಯಾದ ಕೆಸರು ಬೀಳುತ್ತಲೇ ಇತ್ತು. ಮುಂದಿನ ವರ್ಷಗಳಲ್ಲಿ ಸಾವಿರಾರು ಟನ್ ಮತ್ತೆ ತೆಗೆಯಬೇಕಾಯಿತು, 2006ರಲ್ಲಿ ಜಾಗವನ್ನು ಪಟ್ಟಿಗೆ ಮರಳಿ ಸೇರಿಸಲಾಯಿತು. ಕೈಬಿಟ್ಟ ಜಾಗದಿಂದ ಮತ್ತೆ ಗಣನೀಯ ಪ್ರಮಾಣದಲ್ಲಿ ವಿಷ ಹೊರಬಂದರೆ, ಅಂಕ ಹಾಕುವ ಪ್ರಕ್ರಿಯೆಯನ್ನು ಮೊದಲಿನಿಂದ ನಡೆಸದೆಯೇ ಅದನ್ನು ವಾಪಸು ಸೇರಿಸಲು ನಿಯಮದಲ್ಲಿ ಅವಕಾಶವಿದೆ. ಹಾಗೆಯೇ, ಪಟ್ಟಿಯಿಂದ ಹೊರಬಂದ ಮಾತ್ರಕ್ಕೆ ಮಾಲಿನ್ಯ ಮಾಡಿದವರ ಹೊಣೆ ತಪ್ಪುವುದಿಲ್ಲ. ಹೀಗೆ ಮರಳಿ ಸೇರಿದ ಪ್ರಕರಣಗಳು ಬಹಳ ಅಪರೂಪ. ರಿಂಗ್‌ವುಡ್‌ನಲ್ಲಿ ಕಾಗದಪತ್ರ ನೋಡುವವರಿಗೆ ಕಾಣದ್ದು ಅಲ್ಲೇ ಬದುಕುವವರಿಗೆ ಕಂಡಿತು ಎಂಬುದನ್ನು ಮಾತ್ರ ಗಮನಿಸಬೇಕು.

ಕೈಬಿಟ್ಟ ಜಾಗಗಳ ಸಂಖ್ಯೆಯನ್ನು ಸಾಧನೆಯ ಲೆಕ್ಕವಾಗಿ ಹೇಳಿಕೊಳ್ಳುವ ಅಭ್ಯಾಸ ಆಡಳಿತಗಳಿಗೆ ಇದೆ. 2019ರ ಹಣಕಾಸು ವರ್ಷದಲ್ಲಿ 27 ಜಾಗಗಳನ್ನು ಕೈಬಿಟ್ಟದ್ದನ್ನು ಇಪಿಎ ಹೆಮ್ಮೆಯಿಂದ ಸಾರಿತು, ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗಶಃ ಕೈಬಿಟ್ಟವು. 1995ರಿಂದ ಚಾಲ್ತಿಯಲ್ಲಿರುವ ಈ ಭಾಗಶಃ ಕ್ರಮದಲ್ಲಿ ಒಂದು ಜಾಗದ ಮೇಲ್ಮಣ್ಣನ್ನೋ ಒಂದು ತುಂಡು ಭೂಮಿಯನ್ನೋ ಮಾತ್ರ ಪಟ್ಟಿಯಿಂದ ತೆಗೆದು, ಅದರಡಿಯ ಅಂತರ್ಜಲವನ್ನು ಪಟ್ಟಿಯಲ್ಲೇ ಉಳಿಸಬಹುದು. ಭೂಮಿಯನ್ನು ಬೇಗ ಬಳಕೆಗೆ ತರಲು ಇದು ಅನುಕೂಲ. ಮನೆ ಕೊಳ್ಳುವವರು ಮಾತ್ರ ಈ ವ್ಯತ್ಯಾಸವನ್ನು ವಿಚಾರಿಸಿಯೇ ತೀರಬೇಕು.

ಇಷ್ಟು ವಿವರವಾಗಿ ಬರೆಯಲು ಇನ್ನೊಂದು ಕಾರಣವಿದೆ. ಕನ್ನಡಿಗರು ದೊಡ್ಡ ಸಂಖ್ಯೆಯಲ್ಲಿ ನೆಲೆಸಿರುವ ಕ್ಯಾಲಿಫೋರ್ನಿಯದ ಸಾಂತಾ ಕ್ಲಾರಾ ಕೌಂಟಿ, ಅಂದರೆ ಸನಿವೇಲ್, ಮೌಂಟನ್ ವ್ಯೂ, ಸ್ಯಾನ್ ಹೋಸೆ ಇರುವ ಸಿಲಿಕಾನ್ ಕಣಿವೆ, ದೇಶದಲ್ಲೇ ಅತಿ ಹೆಚ್ಚು ಸೂಪರ್‌ಫಂಡ್ ಜಾಗಗಳಿರುವ ಕೌಂಟಿ ಎಂದು ಹೆಸರಾಗಿದೆ. ಚಿಪ್ ಕಾರ್ಖಾನೆಗಳ ನೆಲದಡಿಯ ಟ್ಯಾಂಕುಗಳಿಂದ ಸೋರಿದ ಟ್ರೈಕ್ಲೋರೋಎಥಿಲೀನ್‌ನಂಥ ದ್ರಾವಕಗಳು ಅಲ್ಲಿನ ಅಂತರ್ಜಲವನ್ನು ಸೇರಿದವು. ಕುಡಿಯುವ ನೀರಿನಲ್ಲಿ ಈ ದ್ರಾವಕಕ್ಕೆ ಇರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ದಶಕಗಳಿಂದ ನೀರನ್ನು ಮೇಲೆತ್ತಿ ಶುದ್ಧೀಕರಿಸುತ್ತಿದ್ದರೂ ಆ ಮಟ್ಟಕ್ಕೆ ಇಳಿಸುವುದು ಹಲವು ಕಡೆ ಇನ್ನೂ ಸಾಧ್ಯವಾಗಿಲ್ಲ. ನಲ್ಲಿಯ ನೀರು ಬೇರೆ ಮೂಲದಿಂದ ಬರುವುದಾದರೂ, ನೆಲದಡಿಯ ದ್ರಾವಕ ಆವಿಯಾಗಿ ಅಡಿಪಾಯದ ಬಿರುಕುಗಳ ಮೂಲಕ ಕಟ್ಟಡದೊಳಕ್ಕೆ ಬರಬಹುದು. ಮೌಂಟನ್ ವ್ಯೂನಲ್ಲಿ ಇದೇ ಕಾರಣಕ್ಕೆ 2010ರಲ್ಲಿ ಶುದ್ಧೀಕರಣ ಯೋಜನೆಯನ್ನೇ ತಿದ್ದಬೇಕಾಯಿತು. ಆವಿಯ ಅಪಾಯ ಚೆನ್ನಾಗಿ ತಿಳಿಯುವ ಮೊದಲೇ ಕೈಬಿಟ್ಟ ಹಳೆಯ ಜಾಗಗಳಲ್ಲಿ, ಆಮೇಲಿನ ಮರುಪರಿಶೀಲನೆ ಈ ಅಂಶವನ್ನು ನೋಡಿದೆಯೇ ಎಂದು ವಿಚಾರಿಸುವುದು ಒಳ್ಳೆಯದು.

ಹಾಗಾಗಿ ನೀವು ಮಾಡಬೇಕಾದದ್ದು ಇಷ್ಟು. ಇಪಿಎಯ ಜಾಲತಾಣದಲ್ಲಿ ಪ್ರತಿ ಜಾಗಕ್ಕೂ ಒಂದು ಪುಟವಿದೆ, ಕೈಬಿಟ್ಟ ಜಾಗಗಳಿಗೂ ಇದೆ. ಅದರಲ್ಲಿ ಕೈಬಿಟ್ಟ ಪ್ರಕಟಣೆಯನ್ನೂ ಇತ್ತೀಚಿನ ಪಂಚವಾರ್ಷಿಕ ಪರಿಶೀಲನೆಯ ವರದಿಯನ್ನೂ ಓದಿ. ಅಂಥ ವರದಿಗಳು ಈಗಲೂ ಬರುತ್ತಿದ್ದರೆ, ಅಲ್ಲಿ ಏನೋ ಉಳಿದಿದೆ ಎಂದೇ ಸಾಮಾನ್ಯವಾಗಿ ತಿಳಿಯಬೇಕು. ಏನು ಉಳಿದಿದೆ, ಅದನ್ನು ಯಾರು ನೋಡಿಕೊಳ್ಳುತ್ತಿದ್ದಾರೆ ಎಂಬುದು ವರದಿಯಲ್ಲೇ ಇರುತ್ತದೆ. ನೀವು ಕೊಳ್ಳುವ ನಿವೇಶನ ಹಳೆಯ ಜಾಗದ ಗಡಿಯೊಳಗೇ ಬರುವುದಾದರೆ, ಬಾವಿ ತೋಡಬಾರದು, ಇಷ್ಟು ಆಳಕ್ಕಿಂತ ಹೆಚ್ಚು ಅಗೆಯಬಾರದು ಎಂಬಂಥ ನಿರ್ಬಂಧಗಳು ಹಕ್ಕುಪತ್ರದಲ್ಲಿ ದಾಖಲಾಗಿವೆಯೇ ಎಂದು ವಕೀಲರಿಂದ ನೋಡಿಸಿ. ಸ್ವಂತ ಕೊಳವೆಬಾವಿಯಿರುವ ಮನೆಯಾದರೆ ನೀರನ್ನು ಪರೀಕ್ಷೆ ಮಾಡಿಸದೆ ಮುಂದುವರಿಯಬೇಡಿ. ಇನ್ನು, ಜಾಗವನ್ನು ಕೈಬಿಡುವ ಪ್ರಸ್ತಾಪ ಮಾತ್ರ ಆಗಿದ್ದು ಅಂತಿಮ ಪ್ರಕಟಣೆ ಬಂದಿಲ್ಲವಾದರೆ, ಆ 30 ದಿನಗಳೊಳಗೆ ನಿಮ್ಮ ಪ್ರಶ್ನೆಗಳನ್ನು ಬರೆದು ಕಳುಹಿಸಬಹುದು. ಅದಕ್ಕೆ ಅಮೆರಿಕದ ಪೌರತ್ವವಾಗಲಿ ಅಲ್ಲಿ ಸ್ವಂತ ಆಸ್ತಿಯಾಗಲಿ ಇರಬೇಕೆಂಬ ನಿಯಮವಿಲ್ಲ.