ಪುಟ್ಟ ಹಸು, ಪಾಶ್ಚರ್ ಟೋಪಿ: ಫ್ರಾನ್ಸಿನ ವೈದ್ಯ ಪದಕಗಳ ಹಿನ್ನೆಲೆ

1804ರ ಒಂದು ಫ್ರೆಂಚ್ ಕಂಚಿನ ಪದಕವಿದೆ. ಒಂದು ಮುಖದಲ್ಲಿ ನೆಪೋಲಿಯನ್. ತಿರುಗಿಸಿದರೆ ಗ್ರೀಕರ ವೈದ್ಯದೇವ ಅಸ್ಕ್ಲೀಪಿಯಸ್, ಅವನ ಆಸರೆಯಲ್ಲಿ ವೀನಸ್. ಪಕ್ಕದಲ್ಲೇ ಒಂದು ಪುಟ್ಟ ಹಸು! ಸಿಡುಬಿನ ಲಸಿಕೆ, ನಮ್ಮ ಹಿರಿಯರು ದಾಕು ಅಂತಿದ್ದರಲ್ಲ, ಅದು ಫ್ರಾನ್ಸಿಗೆ ಬಂದು ಆಗಿನ್ನೂ ನಾಲ್ಕೇ ವರ್ಷ. ಸಿಡುಬು ಬದುಕಿ ಉಳಿದವರ ಮುಖವನ್ನೂ ಕೆಡಿಸುತ್ತಿತ್ತು. ಹಾಗಾಗಿ ಇಲ್ಲಿ ವೈದ್ಯದೇವನ ರಕ್ಷಣೆ ಬೇಕಾದವಳು ಸೌಂದರ್ಯದೇವತೆ ವೀನಸ್. ಲಸಿಕೆ ಬಂದದ್ದು ಹಸುವಿನಿಂದ. ಇಷ್ಟನ್ನೂ ಅಂಗೈಯಗಲದಲ್ಲಿ ಹೇಳಿದ ಕೆತ್ತನೆಗಾರ ಬರ್ಟ್ರಾಂಡ್ ಆಂಡ್ರ್ಯೂ. ನನಗಂತೂ ಆ ಹಸುವಿನ ಮೇಲೇ ಕಣ್ಣು.

ಪ್ಯಾರಿಸ್‌ನ ವೈದ್ಯ ಶಾಲೆಯ ಡೀನ್‌ಗಳು 17ನೇ ಶತಮಾನದಲ್ಲೇ ತಮ್ಮ ಹೆಸರಿನ ಬಿಲ್ಲೆಗಳನ್ನು ಮಾಡಿಸುತ್ತಿದ್ದರು. ಆದರೆ ವೈದ್ಯ ಪದಕಗಳಿಗೆ ಸುಗ್ಗಿ ಬಂದದ್ದು 19ನೇ ಶತಮಾನದ ಕೊನೆಗೆ.

ಅದಕ್ಕೆ ದಾರಿ ಮಾಡಿದವರು ಪದಕ ಕಲಾವಿದ ಹ್ಯೂಬರ್ಟ್ ಪೊನ್ಸ್‌ಕಾರ್ಮ್. 1867ರ ಒಂದು ಪದಕದಲ್ಲಿ ಅವರು ಸುತ್ತಲಿನ ಉಬ್ಬು ಅಂಚನ್ನೇ ತೆಗೆದರು. ಕನ್ನಡಿಯಂಥ ಹೊಳಪನ್ನೂ ಬಿಟ್ಟರು. ಮುಖ ಲೋಹದೊಳಗಿಂದಲೇ ಮೂಡಿದಂತೆ ಕಂಡಿತು. ಅವರ ಶಿಷ್ಯ ಆಸ್ಕರ್ ರೋಟಿ.

ಕೆಲಸದ ರೀತಿಯೂ ಬದಲಾಗಿತ್ತು. ಕಲಾವಿದ ಮೊದಲು ದೊಡ್ಡ ಮಾದರಿ ಮಾಡುತ್ತಾನೆ. ಯಂತ್ರದ ಒಂದು ಮೊನೆ ಅದರ ಮೇಲೆ ಸವರುತ್ತಾ ಹೋದಂತೆ, ಇನ್ನೊಂದು ಮೊನೆ ಅದೇ ರೂಪವನ್ನು ಚಿಕ್ಕದಾಗಿ ಉಕ್ಕಿನಲ್ಲಿ ಕೊರೆಯುತ್ತದೆ. ಉಕ್ಕಿನ ಅಚ್ಚಿನ ಏಟು ಬಿದ್ದಾಗ ಕಂಚು ಗಡುಸಾಗುತ್ತದೆ. ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕು. ಒಂದೇ ಏಟಿಗೆ ಆಗುವ ಕೆಲಸ ಅಲ್ಲ.

1892ರ ಡಿಸೆಂಬರ್ 27. ಲೂಯಿ ಪಾಶ್ಚರ್‌ಗೆ 70 ತುಂಬಿದ ದಿನ. ಪ್ಯಾರಿಸ್‌ನ ವಿಶ್ವವಿದ್ಯಾಲಯ ಸೋರ್ಬಾನ್‌ನಲ್ಲಿ ನಡೆದ ಸಮಾರಂಭಕ್ಕೆ ಪದಕ ಮಾಡಿದವರು ರೋಟಿ. ದೇವರಿಲ್ಲ, ಚಕ್ರವರ್ತಿಯಿಲ್ಲ. ತಲೆಗೊಂದು ಸಾದಾ ಟೋಪಿ ಹಾಕಿದ, ಗಡ್ಡದ ಮುದುಕ ಅಷ್ಟೇ. ‘ವಿಜ್ಞಾನ ಮತ್ತು ಮಾನವಕುಲ ಕೃತಜ್ಞ’ ಎಂಬ ಅರ್ಥದ ಸಾಲು ಜೊತೆಗಿದೆ. ಆಂಡ್ರ್ಯೂಗೆ ಒಂದು ದೇವಲೋಕವೇ ಬೇಕಾಗಿತ್ತು, ರೋಟಿಗೆ ಆ ಮುಖವೇ ಸಾಕಾಯಿತು. ಐದು ವರ್ಷಕ್ಕೆ ಫ್ರಾನ್ಸಿನ ನಾಣ್ಯದ ಮೇಲೆ ಬೀಜ ಬಿತ್ತುವ ಹೆಣ್ಣನ್ನು ತಂದವರೂ ಇವರೇ.

ಇಂಥ ಪದಕ ಕೈಗೆ ಸಿಕ್ಕರೆ ಪಕ್ಕದ ದಪ್ಪ ಅಂಚನ್ನು ತಪ್ಪದೇ ನೋಡಿ. ಪ್ಯಾರಿಸ್ ಟಂಕಸಾಲೆ ಹಳೆಯ ಅಚ್ಚಿನಿಂದ ಮತ್ತೆ ಮತ್ತೆ ಪದಕ ತೆಗೆಯುತ್ತಿತ್ತು. ಅಂಚಿನಲ್ಲಿ ಜೇನುನೊಣದ ಗುರುತಿದ್ದರೆ 1860ರಿಂದ 1880ರ ನಡುವಿನದು. ಹಣ್ಣು ತುಂಬಿದ ಕೊಂಬಿದ್ದರೆ 1880ರ ನಂತರದ್ದು. ಪದಕದ ಮೇಲೆ 1804 ಅಂತ ಬರೆದಿದ್ದರೂ ಅಷ್ಟೇ.