‘ಬ್ರಿಟಾನಿಕಾ ಹೇಳುತ್ತದೆ’ ಎಂದರೆ ಸಾಲದು: ವಿಶ್ವಕೋಶವನ್ನು ಉಲ್ಲೇಖಿಸುವ ಕ್ರಮ ಬೆಳೆದು ಬಂದ ಬಗೆ

1910–11ರಲ್ಲಿ ಹೊರಬಂದ ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾದ 11ನೇ ಆವೃತ್ತಿಯ ಮೊದಲ ಸಂಪುಟದಲ್ಲಿ ‘ಅನಾರ್ಕಿಸಂ’ (ಸರ್ಕಾರವೇ ಬೇಡವೆನ್ನುವ ಅರಾಜಕತಾವಾದ) ಎಂಬ ಲೇಖನವಿದೆ. ಅದರ ಕೊನೆಯಲ್ಲಿ, ಆವರಣದೊಳಗೆ, ಮೂರೇ ಅಕ್ಷರಗಳು: ಪಿ. ಎ. ಕೆ. ಸಂಪುಟದ ಆರಂಭದ ಪುಟಗಳಿಗೆ ಮರಳಿದರೆ ಈ ಅಕ್ಷರಗಳು ಯಾರವು ಎಂದು ತಿಳಿಸುವ ಪಟ್ಟಿ ಸಿಗುತ್ತದೆ. ಬರೆದವರು ಪೀಟರ್ ಕ್ರೊಪೊಟ್ಕಿನ್. ಆ ಕಾಲದ ಅರಾಜಕತಾವಾದಿ ಚಿಂತಕರಲ್ಲೇ ಅಗ್ರಗಣ್ಯರು. ಅದೇ ಲೇಖನದ ನಡುವೆ ಒಂದು ಉದ್ದನೆಯ ಅಡಿಟಿಪ್ಪಣಿಯೂ ಇದೆ. ಅರಾಜಕತಾವಾದಿಗಳು ನಡೆಸಿದರೆಂದು ಜನ ಹೇಳುತ್ತಿದ್ದ ಹತ್ಯೆಗಳ ವಿವರ ಅದರಲ್ಲಿದೆ. ಅದನ್ನು ಬರೆದವರು ಕ್ರೊಪೊಟ್ಕಿನ್ ಅಲ್ಲ, ಬ್ರಿಟಾನಿಕಾದ ಸಂಪಾದಕರು. ಟಿಪ್ಪಣಿಯ ತುದಿಯಲ್ಲಿ ಅವರ ಗುರುತೂ ಇದೆ.

ಈಗ ಒಬ್ಬ ವಿದ್ಯಾರ್ಥಿ ತನ್ನ ಪ್ರಬಂಧದಲ್ಲಿ ‘ಬ್ರಿಟಾನಿಕಾದ ಪ್ರಕಾರ’ ಎಂದು ಬರೆದು ಮುಂದೆ ಸಾಗಿದರೆ ಏನಾಗುತ್ತದೆ? ಒಂದು ಚಳವಳಿಯ ಒಳಗಿನವರೇ ಆಡಿದ ಮಾತು ತಟಸ್ಥ ವ್ಯಾಖ್ಯಾನದ ವೇಷ ತೊಡುತ್ತದೆ. ಸಂಪಾದಕರ ಮಾತು ಲೇಖಕರ ತಲೆಗೆ ಬರುತ್ತದೆ. ಪ್ರಬಂಧಗಳನ್ನು ತಿದ್ದುವಾಗ ನನ್ನನ್ನು ಪದೇ ಪದೇ ಕಾಡುವ ದೋಷ ಇದು. ಅಲ್ಪವಿರಾಮ ಎಲ್ಲಿ ಬರಬೇಕು ಎಂಬುದರ ಬಗ್ಗೆ ನಾವು ಬಹಳ ತಲೆ ಕೆಡಿಸಿಕೊಳ್ಳುತ್ತೇವೆ. ಈ ಮಾತು ಯಾರದು, ಯಾವಾಗಿನದು ಎಂದು ಕೇಳುವುದನ್ನು ಮರೆಯುತ್ತೇವೆ.

ಆಕರವನ್ನು ಒಪ್ಪಿಕೊಳ್ಳುವ ಸಂಪ್ರದಾಯ ವಿಶ್ವಕೋಶಗಳಿಗೆ ಹೊಸದೇನಲ್ಲ. ಕ್ರಿ.ಶ. 77ರ ಸುಮಾರಿಗೆ ರೋಮಿನ ಪ್ಲಿನಿ ತನ್ನ ‘ನ್ಯಾಚುರಾಲಿಸ್ ಹಿಸ್ಟೋರಿಯಾ’ದ ಮೊದಲ ಭಾಗವನ್ನು ವಿಷಯಸೂಚಿಗೂ ತಾನು ನೆರವು ಪಡೆದ ಲೇಖಕರ ಹೆಸರುಗಳಿಗೂ ಮೀಸಲಿಟ್ಟ. ಯಾರಿಂದ ಕಲಿತೆವೋ ಅವರ ಹೆಸರು ಹೇಳುವುದೇ ಸಜ್ಜನಿಕೆ ಎಂಬುದು ಅವನ ನಿಲುವು. 1751ರಿಂದ ಪ್ಯಾರಿಸ್‌ನಲ್ಲಿ ಪ್ರಕಟವಾಗತೊಡಗಿದ ‘ಎನ್‌ಸಿಕ್ಲೊಪೆದಿ’ಯಲ್ಲಿ ಅನೇಕ ಲೇಖಕರಿಗೆ ಒಂದೊಂದು ಗುರುತು ಇತ್ತು: ಸಂಪಾದಕ ದಿದರೋಗೆ ನಕ್ಷತ್ರ ಚಿಹ್ನೆ, ಸಹಸಂಪಾದಕ ದಲಾಂಬೇರ್‌ಗೆ ‘ಓ’, ರೂಸೋಗೆ ‘ಎಸ್’. ಬ್ರಿಟಾನಿಕಾದ ಮೊದಲಕ್ಷರಗಳ ಸಹಿ ಇದೇ ಜಾಡಿನದು. 1875ರಿಂದ 1889ರವರೆಗೆ ಬಂದ ಅದರ 9ನೇ ಆವೃತ್ತಿಯಲ್ಲಿ ‘ಆಟಮ್’ (ಪರಮಾಣು) ಎಂಬ ಲೇಖನ ಬರೆದವರು ಭೌತವಿಜ್ಞಾನಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್. ಭೌತಶಾಸ್ತ್ರದ ಇತಿಹಾಸ ಬರೆಯುವವರಿಗೆ ಅದು ಮೂಲ ಆಕರವೇ ಸರಿ.

ವಿಶ್ವಕೋಶಗಳು ಹೀಗೆ ಬೆಳೆಯುತ್ತಿದ್ದಾಗ ಉಲ್ಲೇಖಿಸುವ ಶೈಲಿಗಳಿನ್ನೂ ಹುಟ್ಟಬೇಕಿತ್ತು. 1881ರಲ್ಲಿ ಹಾರ್ವರ್ಡ್‌ನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್, ಚಿಪ್ಪಿಲ್ಲದ ಬಸವನಹುಳುವಿನ ಕುರಿತ ಪ್ರಬಂಧದಲ್ಲಿ ಲೇಖಕರ ಹೆಸರು ಮತ್ತು ವರ್ಷವನ್ನು ವಾಕ್ಯದ ಮಧ್ಯದಲ್ಲೇ ಆವರಣದಲ್ಲಿ ಕೊಟ್ಟರು. ಹಾರ್ವರ್ಡ್ ಪದ್ಧತಿ ಎಂಬ ಹೆಸರಿನ ಬೇರು ಅಲ್ಲಿದೆ. ಶಿಕಾಗೊ ವಿಶ್ವವಿದ್ಯಾಲಯದ ಮುದ್ರಣಾಲಯ 1906ರಲ್ಲಿ ತನ್ನ ಕೈಪಿಡಿ ತಂದಿತು. ಮನೋವಿಜ್ಞಾನಿಗಳ ಎಪಿಎ (ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್) ಶೈಲಿ 1929ರಲ್ಲಿ ಏಳು ಪುಟಗಳ ಲೇಖನವಾಗಿ ಆರಂಭವಾಯಿತು. ಸಾಹಿತ್ಯದವರ ಎಂಎಲ್‌ಎ (ಮಾಡರ್ನ್ ಲ್ಯಾಂಗ್ವೇಜ್ ಅಸೋಸಿಯೇಷನ್) ಶೈಲಿ 1951ರಲ್ಲಿ ಬಂತು. ವೈದ್ಯಕೀಯ ಪತ್ರಿಕೆಗಳ ಸಂಪಾದಕರು 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿ ಆಕರಗಳಿಗೆ ಅಂಕಿ ಹಾಕುವ ಕ್ರಮವನ್ನು ರೂಪಿಸಿದರು.

ಇವುಗಳಲ್ಲಿ ವಿಶ್ವಕೋಶದ ಸ್ವಭಾವವನ್ನು ಚೆನ್ನಾಗಿ ಅರ್ಥಮಾಡಿಕೊಂಡದ್ದು ಶಿಕಾಗೊ ಎಂದು ನನ್ನ ಅಭಿಪ್ರಾಯ. ಹೆಸರಾಂತ ವಿಶ್ವಕೋಶಗಳನ್ನು ಕೊನೆಯ ಗ್ರಂಥಸೂಚಿಗೆ ಸಾಮಾನ್ಯವಾಗಿ ಸೇರಿಸುವುದು ಬೇಡ, ಅಡಿಟಿಪ್ಪಣಿಯಲ್ಲಿ ಹೇಳಿದರೆ ಸಾಕು ಎನ್ನುತ್ತದೆ ಅದು. ಸಂಪುಟ, ಪುಟಸಂಖ್ಯೆ ಕೂಡ ಬೇಡ. ಏಕೆಂದರೆ ಅಕಾರಾದಿಯಾಗಿ ಜೋಡಿಸಿದ ಗ್ರಂಥದಲ್ಲಿ ಪದವೇ ವಿಳಾಸ. ಅದಕ್ಕಾಗಿ ಲ್ಯಾಟಿನ್ನಿನ ‘ಸಬ್ ವರ್ಬೋ’, ಅಂದರೆ ‘ಈ ಪದದ ಅಡಿಯಲ್ಲಿ ನೋಡಿ’ ಎಂಬ ಸಂಕೇತ. ಆದರೆ ಆವೃತ್ತಿಯನ್ನು ಮಾತ್ರ ಬಿಡುವಂತಿಲ್ಲ. 11ನೆಯದರಲ್ಲಿ ಇದ್ದದ್ದು 14ನೆಯದರಲ್ಲಿ ಇರಲಿಕ್ಕಿಲ್ಲ. ಅಷ್ಟೇ ಅಲ್ಲ, 1929ರಲ್ಲಿ ಬಂದ ಆ 14ನೇ ಆವೃತ್ತಿಯೇ 1973ರವರೆಗೆ ತಿದ್ದುಪಡಿಗಳೊಂದಿಗೆ ಮತ್ತೆ ಮತ್ತೆ ಅಚ್ಚಾಯಿತು. ಆದ್ದರಿಂದ ಅಲ್ಲಿ ಆವೃತ್ತಿಯ ಸಂಖ್ಯೆಯ ಜೊತೆಗೆ ಅಚ್ಚಾದ ವರ್ಷವನ್ನೂ ಕೊಟ್ಟರೇ ಓದುಗನಿಗೆ ಸರಿಯಾದ ಪುಟ ಸಿಗುವುದು.

ಎಂಎಲ್‌ಎ ಮತ್ತು ಎಪಿಎಗಳ ದಾರಿ ಬೇರೆ. ಎರಡರಲ್ಲೂ ಸಹಿ ಇರುವ ಲೇಖನಕ್ಕೆ ಬರೆದವರ ಹೆಸರೇ ಮೊದಲು. ಹೆಸರಿನ ಬೆನ್ನಿಗೇ ವರ್ಷ ಕೇಳುವುದು ಎಪಿಎ. ಎಂಎಲ್‌ಎಯಲ್ಲಿ ವರ್ಷ ಹಿಂದಕ್ಕೆ ಸರಿದು, ಉದ್ಧರಣ ಚಿಹ್ನೆಯೊಳಗಿನ ಲೇಖನದ ಶೀರ್ಷಿಕೆ ಮುಂದೆ ಬರುತ್ತದೆ. ಈ ವ್ಯತ್ಯಾಸಕ್ಕೆ ಕಾರಣವಿದೆ: ಮನೋವಿಜ್ಞಾನದಲ್ಲಿ ಮಾಹಿತಿ ಎಷ್ಟು ಹೊಸದು ಎಂಬುದು ಮುಖ್ಯ, ಸಾಹಿತ್ಯದಲ್ಲಿ ಬರಹ ಯಾವುದು ಎಂಬುದು. ಸಹಿ ಇಲ್ಲದಿದ್ದರೆ ಎಂಎಲ್‌ಎ ಶೀರ್ಷಿಕೆಯಿಂದಲೇ ಶುರುಮಾಡುತ್ತದೆ; ಎಪಿಎ ಈಗ ಸಂಸ್ಥೆಯನ್ನೇ ಲೇಖಕನಾಗಿ ಒಪ್ಪುತ್ತದೆ.

ಇಷ್ಟೆಲ್ಲ ನಿಯಮಗಳು ನಿಂತದ್ದು ಅಚ್ಚಾದ ಪುಟ ಅಲುಗಾಡುವುದಿಲ್ಲ ಎಂಬ ನಂಬಿಕೆಯ ಮೇಲೆ. 2001ರ ಜನವರಿ 15ರಂದು ವಿಕಿಪೀಡಿಯ ಆರಂಭವಾದಾಗ ಆ ನಂಬಿಕೆಯೇ ಕದಲಿತು. ಸಹಿ ಇಲ್ಲ, ಆವೃತ್ತಿ ಇಲ್ಲ, ಬೆಳಿಗ್ಗೆ ಓದಿದ್ದು ಸಂಜೆಗೆ ಇರುವ ಖಾತ್ರಿಯೂ ಇಲ್ಲ. 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ಲೇಖನಗಳನ್ನು ಹೋಲಿಸಿ ನೋಡಿದಾಗ ಪ್ರತಿ ಲೇಖನಕ್ಕೆ ವಿಕಿಪೀಡಿಯದಲ್ಲಿ ಸುಮಾರು ನಾಲ್ಕು, ಬ್ರಿಟಾನಿಕಾದಲ್ಲಿ ಸುಮಾರು ಮೂರು ತಪ್ಪುಗಳು ಕಂಡವು. ಬ್ರಿಟಾನಿಕಾ ಈ ಪರೀಕ್ಷೆಯ ವಿಧಾನವನ್ನೇ ಬಲವಾಗಿ ಆಕ್ಷೇಪಿಸಿತು. 2007ರಲ್ಲಿ ಅಮೆರಿಕದ ಮಿಡಲ್‌ಬರಿ ಕಾಲೇಜಿನ ಇತಿಹಾಸ ವಿಭಾಗ, ವಿದ್ಯಾರ್ಥಿಗಳು ವಿಕಿಪೀಡಿಯವನ್ನು ಆಕರವಾಗಿ ಉಲ್ಲೇಖಿಸುವಂತಿಲ್ಲ ಎಂದು ತೀರ್ಮಾನಿಸಿತು. ಓದಬೇಡಿ ಎಂದು ಅದು ಹೇಳಲಿಲ್ಲ ಎಂಬುದನ್ನು ಗಮನಿಸಬೇಕು.

ಅಪಾಯ ಎಂಥದೆಂದು ತಿಳಿಯಲು ಒಂದು ಪ್ರಾಣಿಯ ಕಥೆ ಸಾಕು. 2008ರಲ್ಲಿ ಯಾರೋ ತಮಾಷೆಗೆ ಕೊವಾಟಿ ಎಂಬ ದಕ್ಷಿಣ ಅಮೆರಿಕದ ಪ್ರಾಣಿಯ ವಿಕಿಪೀಡಿಯ ಪುಟದಲ್ಲಿ ಅದಕ್ಕೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಹೆಸರೂ ಇದೆ ಎಂದು ಸೇರಿಸಿದರು (ಆರ್ಡ್‌ವಾರ್ಕ್ ಆಫ್ರಿಕಾದ ಬೇರೆಯೇ ಪ್ರಾಣಿ). ಪತ್ರಿಕೆಗಳು ಅದನ್ನು ನಂಬಿ ಬರೆದವು. ಆಮೇಲೆ ಅಂಥ ಒಂದು ಪತ್ರಿಕೆಯ ಬರಹವೇ ವಿಕಿಪೀಡಿಯದ ಸುಳ್ಳಿಗೆ ಆಕರವಾಗಿ ಅಡಿಯಲ್ಲಿ ಕುಳಿತಿತು. ಹೀಗೆ ಸುತ್ತು ಪೂರ್ತಿಯಾದ ಮೇಲೆ ಸುಳ್ಳು ಎಲ್ಲಿ ಹುಟ್ಟಿತೆಂದು ಹುಡುಕುವವರಿಗೆ ಜಾಡು ಸಿಗುವುದು ಪುಟದ ಇತಿಹಾಸದಲ್ಲಿ ಮಾತ್ರ.

ಆ ಇತಿಹಾಸವೇ ಪರಿಹಾರವನ್ನೂ ಒದಗಿಸಿದೆ. ವಿಕಿಪೀಡಿಯದಲ್ಲಿ ಪ್ರತಿ ಬದಲಾವಣೆಯೂ ದಿನಾಂಕ, ಗಂಟೆ, ನಿಮಿಷದೊಂದಿಗೆ ಉಳಿಯುತ್ತದೆ, ಪ್ರತಿ ರೂಪಕ್ಕೂ ಶಾಶ್ವತ ಕೊಂಡಿ ಇರುತ್ತದೆ. 2019ರಲ್ಲಿ ಬಂದ ಎಪಿಎಯ 7ನೇ ಆವೃತ್ತಿ ಇದನ್ನೇ ಬಳಸಿ, ನೀವು ಓದಿದ ಹಳೆಯ ರೂಪದ ಕೊಂಡಿ ಕೊಡಿ ಎನ್ನುತ್ತದೆ. ಹಾಗೆ ಕೊಟ್ಟರೆ ಪುಟ ನೋಡಿದ ದಿನಾಂಕ ಹಾಕುವ ಅಗತ್ಯವಿಲ್ಲ. 1995ರಲ್ಲಿ ಅಂತರಜಾಲದಲ್ಲೇ ಹುಟ್ಟಿದ ಸ್ಟ್ಯಾನ್‌ಫರ್ಡ್ ತತ್ತ್ವಶಾಸ್ತ್ರ ವಿಶ್ವಕೋಶವಂತೂ ಮೂರು ತಿಂಗಳಿಗೊಮ್ಮೆ ತನ್ನೆಲ್ಲ ಲೇಖನಗಳ ಪ್ರತಿಯನ್ನು ಹಾಗೆಯೇ ಸಂಗ್ರಹಿಸಿಡುತ್ತದೆ. ಅಲ್ಲಿನ ಪ್ರತಿ ಲೇಖನದ ಮೊದಲ ಪ್ರಕಟಣೆಯ ದಿನಾಂಕವೂ ಮಹತ್ವದ ಪರಿಷ್ಕರಣೆಯ ದಿನಾಂಕವೂ ಶೀರ್ಷಿಕೆಯ ಕೆಳಗೇ ಇರುತ್ತವೆ, ಬರೆದವರ ಪೂರ್ಣ ಹೆಸರು ಪುಟದ ಕೊನೆಯಲ್ಲಿ.