‘190 ಪೌಂಡ್ ಉಳಿಸಿ’: ಯಾವುದಕ್ಕೆ ಹೋಲಿಸಿದರೆ?

ಹೋದ ಚಳಿಗಾಲದಲ್ಲಿ ಅಕ್ಕನ ಮಗಳು ಇಂಗ್ಲೆಂಡಿನ ರೆಡಿಂಗ್‌ನಿಂದ ವಾಟ್ಸ್‌ಆ್ಯಪ್‌ನಲ್ಲಿ ಒಂದು ಫೋಟೋ ಕಳಿಸಿದಳು. ಅವಳ ಮನೆಗೆ ಕರೆಂಟು, ಗ್ಯಾಸು ಕೊಡುವ ಕಂಪನಿಯ ಪತ್ರ. ಒಂದಿಷ್ಟು ಕಾಲಕ್ಕೆ ದರ ಗೊತ್ತುಮಾಡಿಕೊಳ್ಳುವುದಕ್ಕೆ ಅಲ್ಲಿ ‘ಪ್ಲಾನ್’ ಅನ್ನುತ್ತಾರೆ. ‘ನಿಮ್ಮ ಪ್ಲಾನ್ ಮುಗಿಯುತ್ತಿದೆ. ಈಗಲೇ ನವೀಕರಿಸಿ, ವರ್ಷಕ್ಕೆ 190 ಪೌಂಡ್ ಉಳಿಸಿ’ ಅಂತ ದಪ್ಪ ಅಕ್ಷರದಲ್ಲಿತ್ತು. ಕೆಳಗೆ ಅವಳ ಪ್ರಶ್ನೆ: ‘ಮಾಮ, ಒಳ್ಳೇದೇ ಅಲ್ವಾ?’

ಜಯನಗರದ ಮನೆಯಲ್ಲಿ ಕನ್ನಡಕ ಹಾಕಿಕೊಂಡು ಫೋಟೋ ಹಿಗ್ಗಿಸಿ ನೋಡಿದೆ. ಅವಳು ಈಗ ಕಟ್ಟುತ್ತಿರುವುದು ವರ್ಷಕ್ಕೆ 1,560 ಪೌಂಡ್. ಹೊಸ ಪ್ಲಾನಿಗೆ 1,690. ಅಂದರೆ 130 ಪೌಂಡ್ ಜಾಸ್ತಿ. ಹಾಗಾದರೆ ಉಳಿತಾಯ ಎಲ್ಲಿಂದ ಬಂತು? ಪುಟದ ತಳದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಉತ್ತರ ಇತ್ತು. ಅವಳು ಏನೂ ಮಾಡದೆ ಸುಮ್ನೆ ಕೂತರೆ ಕಂಪನಿಯ ಮಾಮೂಲಿ ದರಕ್ಕೆ ಬೀಳುತ್ತಾಳೆ. ಅದು 1,880. ಅದರಿಂದ 1,690 ಕಳೆದರೆ 190!

ಸುಳ್ಳು ಒಂದೂ ಇಲ್ಲ, ನೋಡಿ. ಲೆಕ್ಕ ಸರಿಯಾಗಿದೆ. ಆಷಾಢದಲ್ಲಿ ಚಿಕ್ಕಪೇಟೆಗೆ ಹೋದವರಿಗೆ ಇದು ಹೊಸದಲ್ಲ. ಆರು ಸಾವಿರದ ಸೀರೆ ನಾಲ್ಕು ಸಾವಿರಕ್ಕೆ. ಆ ಆರು ಸಾವಿರ ಕೊಟ್ಟು ಅದನ್ನು ಯಾರಾದರೂ ಯಾವತ್ತಾದರೂ ಕೊಂಡಿದ್ದರಾ ಅಂತ ಮಾತ್ರ ಕೇಳಬಾರದು. ವ್ಯತ್ಯಾಸ ಇಷ್ಟೇ: ರೆಡಿಂಗ್‌ನ ಪತ್ರದಲ್ಲಿರುವ ಈ ಲೆಕ್ಕದ ರೀತಿಯನ್ನು ಅಲ್ಲಿನ ನಿಯಂತ್ರಣ ಸಂಸ್ಥೆಯೇ ಒಂದು ಕಾಲದಲ್ಲಿ ಬರೆದು ಕೊಟ್ಟಿತ್ತು. ಅದೂ ಗ್ರಾಹಕರಿಗೆ ಮೋಸ ಆಗಬಾರದು ಅಂತ.

ಅಲ್ಲಿ ಗ್ಯಾಸ್ ಕಂಪನಿ ಖಾಸಗಿಯವರ ಕೈಗೆ ಹೋಗಿದ್ದು 1986ರಲ್ಲಿ. ಕರೆಂಟು ಹಂಚುವ ಪ್ರಾದೇಶಿಕ ಕಂಪನಿಗಳು 1990ರಲ್ಲಿ. ಆದರೆ ಮನೆ ಬಳಕೆದಾರರಿಗೆ ಆಯ್ಕೆ ಇನ್ನೂ ಇರಲಿಲ್ಲ. ಯಾವ ಊರಲ್ಲಿದ್ದೀರೋ ಆ ಊರಿನ ಕಂಪನಿ, ಅಷ್ಟೇ, ನಮ್ಮ ಹಾಗೇ. 1998, 1999ರ ಹೊತ್ತಿಗೆ ಬಾಗಿಲು ಪೂರ್ತಿ ತೆರೆಯಿತು. ತಂತಿ ಅದೇ, ಮೀಟರ್ ಅದೇ, ಬಲ್ಬಿಗೆ ಬರುವ ಕರೆಂಟೂ ಅದೇ. ಬಿಲ್ ಕಳಿಸುವವನನ್ನು ಮಾತ್ರ ಬದಲಾಯಿಸಬಹುದು. ಜನ ದರ ಹೋಲಿಸುತ್ತಾರೆ, ಅಗ್ಗದವನ ಹತ್ತಿರ ಹೋಗುತ್ತಾರೆ, ದರ ತಾನಾಗೇ ಇಳಿಯುತ್ತದೆ ಅನ್ನುವುದು ಆಸೆ.

ಹೋಲಿಸಬೇಕು ಅಂದರೆ ಎರಡು ಕಡೆಯೂ ಒಂದೊಂದು ಸಂಖ್ಯೆ ಇರಬೇಕು. ಕಂಪನಿಗಳು ಕೊಟ್ಟಿದ್ದು ಆರೇಳು. ಒಬ್ಬನ ಯೂನಿಟ್ ದರ ಕಡಿಮೆ, ಆದರೆ ದಿನಕ್ಕಿಷ್ಟು ಅಂತ ‘ಸ್ಟ್ಯಾಂಡಿಂಗ್ ಚಾರ್ಜ್’. ಇನ್ನೊಬ್ಬನಿಗೆ ಸ್ಟ್ಯಾಂಡಿಂಗ್ ಚಾರ್ಜೇ ಇಲ್ಲ, ಆದರೆ ಮೊದಲ ಒಂದಷ್ಟು ಯೂನಿಟ್ ದುಬಾರಿ, ಆಮೇಲಿನದು ಅಗ್ಗ. ಗ್ಯಾಸು ಕರೆಂಟು ಎರಡೂ ಒಬ್ಬರಿಂದಲೇ ತಗೊಂಡರೆ ರಿಯಾಯಿತಿ, ಬ್ಯಾಂಕಿನಿಂದ ತಾನೇ ಕಡಿತವಾದರೆ ರಿಯಾಯಿತಿ, ಕಾಗದದ ಬಿಲ್ ಬೇಡ ಅಂದರೆ ಇನ್ನೊಂದಿಷ್ಟು. ಅದರ ಮೇಲೆ ಊರೂರಿಗೆ ಬೇರೆ ಬೇರೆ ದರ.

ಈ ಗೊಂದಲದ ನಡುವೆ ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡು ಮನೆ ಬಾಗಿಲಿಗೆ ಹುಡುಗರು ಬಂದರು. ‘ನಿಮ್ಮ ಬಿಲ್ ಕೊಡಿ, ಎಷ್ಟು ಉಳಿಯುತ್ತೆ ಅಂತ ನಾನೇ ಹೇಳ್ತೀನಿ.’ ಉಳಿಯುತ್ತೆ ಅಂದವರ ಮನೆಯಲ್ಲೇ ಬಿಲ್ ಏರಿದ ದೂರುಗಳು ಬಂದವು. ಬಾಗಿಲಿಗೆ ಬಂದು ತಪ್ಪು ಹೇಳಿ ಮಾರಿದ್ದಕ್ಕೆ ನಿಯಂತ್ರಣ ಸಂಸ್ಥೆ ಆಫ್‌ಜೆಮ್ 2002ರಲ್ಲಿ ಲಂಡನ್ ಎಲೆಕ್ಟ್ರಿಸಿಟಿಗೆ 20 ಲಕ್ಷ ಪೌಂಡ್ ದಂಡ ಹಾಕಿತು. ಬುದ್ಧಿ ಬಂತಾ? 2013ರಲ್ಲಿ ಎಸ್‌ಎಸ್‌ಇ ಕಂಪನಿಗೆ ಬಿದ್ದ ದಂಡ 1.05 ಕೋಟಿ ಪೌಂಡ್. ಕಾರಣ ಅದೇ: ಎಷ್ಟು ಉಳಿಯುತ್ತದೆ ಅನ್ನುವುದರ ಬಗ್ಗೆ ತಪ್ಪು ಮಾತು.

ಅಷ್ಟರಲ್ಲಿ ಪ್ಲಾನುಗಳ ಸಂಖ್ಯೆ 300 ದಾಟಿತ್ತು. ಮೂರೇ ವರ್ಷದ ಹಿಂದೆ ಅದು 180 ಇತ್ತು ಅಂತ ಆಫ್‌ಜೆಮ್ 2011ರಲ್ಲಿ ಹೇಳಿತು. 2012ರ ಅಕ್ಟೋಬರಿನಲ್ಲಿ ಪ್ರಧಾನಿ ಡೇವಿಡ್ ಕ್ಯಾಮರಾನ್ ಸಂಸತ್ತಿನಲ್ಲಿ ಎದ್ದು ನಿಂತು, ಎಲ್ಲ ಗ್ರಾಹಕರಿಗೂ ಅತಿ ಕಡಿಮೆ ದರವನ್ನೇ ಕೊಡಬೇಕು ಅಂತ ಕಾನೂನು ತರುತ್ತೇವೆ ಅಂದುಬಿಟ್ಟರು. ಅವರದ್ದೇ ಇಂಧನ ಇಲಾಖೆಗೆ ಆಶ್ಚರ್ಯ. ಕೊನೆಗೆ ಬಂದ ನಿಯಮ ಸ್ವಲ್ಪ ಸಪ್ಪೆ: ಒಂದು ಕಂಪನಿ ಕರೆಂಟಿಗೆ ನಾಲ್ಕು, ಗ್ಯಾಸಿಗೆ ನಾಲ್ಕು ಪ್ಲಾನ್ ಮಾತ್ರ ಇಡಬೇಕಿತ್ತು. ದರದಲ್ಲಿ ಒಂದು ಸ್ಟ್ಯಾಂಡಿಂಗ್ ಚಾರ್ಜ್, ಒಂದು ಯೂನಿಟ್ ದರ. ಪ್ಲಾನ್ ಮುಗಿಯುವ ಆರೇಳು ವಾರ ಮೊದಲು ಪತ್ರ ಬರಬೇಕು. ಕೊನೆಯ 49 ದಿನದಲ್ಲಿ ಬೇರೆ ಕಂಪನಿಗೆ ಹೋದರೆ ಎಕ್ಸಿಟ್ ಫೀ, ಅಂದರೆ ಮಧ್ಯದಲ್ಲೇ ಬಿಟ್ಟುಹೋದದ್ದಕ್ಕೆ ಶುಲ್ಕ, ಕೇಳುವಂತಿಲ್ಲ.

ಇದೇ ಸುಧಾರಣೆಯ ಜೊತೆ ಬಂದಿದ್ದು ‘ಪರ್ಸನಲ್ ಪ್ರೊಜೆಕ್ಷನ್’. ನಿಮಗೆ ಮುಂದಿನ 12 ತಿಂಗಳಲ್ಲಿ ಎಷ್ಟು ಖರ್ಚಾಗಬಹುದು ಅಂತ ಎಲ್ಲ ಕಂಪನಿಗಳೂ, ಎಲ್ಲ ಹೋಲಿಕೆ ವೆಬ್‌ಸೈಟುಗಳೂ ಒಂದೇ ರೀತಿ ಲೆಕ್ಕ ಹಾಕಿ ಹೇಳಬೇಕಿತ್ತು. ಕೇಳೋದಕ್ಕೆ ಎಷ್ಟು ಚೆನ್ನ! ಆದರೆ ಲೆಕ್ಕ ಹೀಗೆ: ನಿಮ್ಮ ಪ್ಲಾನ್ ಇನ್ನು ಎರಡು ತಿಂಗಳಿಗೆ ಮುಗಿಯುತ್ತದೆ ಅಂದುಕೊಳ್ಳಿ. ಎರಡು ತಿಂಗಳು ಈಗಿನ ದರ. ಉಳಿದ ಹತ್ತು ತಿಂಗಳು, ನೀವು ಏನೂ ಮಾಡದೆ ಕೂತಿರುತ್ತೀರಿ ಅಂತ ಊಹಿಸಿ, ಕಂಪನಿಯ ದುಬಾರಿ ಮಾಮೂಲಿ ದರ. ಆ ಮೊತ್ತ ಬೆಟ್ಟದಷ್ಟು ದೊಡ್ಡದಾಗುತ್ತದೆ. ಅದರ ಪಕ್ಕ ಯಾವ ಪ್ಲಾನ್ ಇಟ್ಟರೂ ಅಗ್ಗವಾಗಿಯೇ ಕಾಣುತ್ತದೆ. ಇವತ್ತಿನದಕ್ಕಿಂತ ದುಬಾರಿ ಪ್ಲಾನಿನ ಮೇಲೂ ‘ಉಳಿಸಿ’ ಅಂತ ಚೀಟಿ ಅಂಟಿಸಬಹುದು.

ಪೂರ್ತಿ ತಪ್ಪು ಅಂತ ನಾನು ಹೇಳಲಾರೆ. ಯಾಕೆಂದರೆ ಜನ ನಿಜವಾಗಿಯೂ ಸುಮ್ನೆ ಕೂರುತ್ತಾರೆ. ಅಲ್ಲಿನ ಸ್ಪರ್ಧಾ ಪ್ರಾಧಿಕಾರ ಎರಡು ವರ್ಷ ತನಿಖೆ ಮಾಡಿ 2016ರಲ್ಲಿ ವರದಿ ಕೊಟ್ಟಿತು. ಆರು ದೊಡ್ಡ ಕಂಪನಿಗಳ ಮನೆ ಗ್ರಾಹಕರಲ್ಲಿ ಸುಮಾರು ಶೇ 70 ಮಂದಿ ಆ ದುಬಾರಿ ಮಾಮೂಲಿ ದರದಲ್ಲೇ ಇದ್ದರು. ನಿಜವಾದ ಪೈಪೋಟಿ ಇದ್ದಿದ್ದರೆ ಕೊಡಬೇಕಾಗಿದ್ದಕ್ಕಿಂತ ಜನ ವರ್ಷಕ್ಕೆ 140 ಕೋಟಿ ಪೌಂಡ್ ಜಾಸ್ತಿ ಕೊಡುತ್ತಿದ್ದರು. ಹಾಗಿರುವಾಗ ‘ಸುಮ್ನೆ ಕೂತರೆ ಇಷ್ಟಾಗುತ್ತೆ’ ಅಂತ ಎಚ್ಚರಿಸುವುದು ಒಳ್ಳೆಯದೇ. ಎಚ್ಚರಿಕೆಯನ್ನೇ ಜಾಹೀರಾತು ಮಾಡಿಕೊಂಡಿದ್ದು ತೊಂದರೆ.

ಹೋಲಿಕೆ ವೆಬ್‌ಸೈಟುಗಳ ಕಥೆ ಇನ್ನೊಂದು. ಗ್ರಾಹಕರನ್ನು ಕಂಪನಿಗೆ ಕಳಿಸಿದರೆ ಅವಕ್ಕೆ ಕಮಿಷನ್. ಕಮಿಷನ್ ಕೊಡದ ಪ್ಲಾನುಗಳನ್ನು ಕೆಲವು ವೆಬ್‌ಸೈಟುಗಳು ಮೊದಲ ಪಟ್ಟಿಯಲ್ಲಿ ತೋರಿಸುತ್ತಲೇ ಇರಲಿಲ್ಲ. 2015ರಲ್ಲಿ ಸಂಸದರ ಸಮಿತಿಯೊಂದು ದೊಡ್ಡ ವೆಬ್‌ಸೈಟುಗಳ ಮುಖ್ಯಸ್ಥರನ್ನು ಕರೆಸಿ ಚೆನ್ನಾಗಿಯೇ ಬೆವರಿಳಿಸಿತು.

ಮುಂದಿನದು ಬೇಗ ಹೇಳಿಬಿಡುತ್ತೇನೆ. ಆಯ್ಕೆಯಿಂದ ದರ ಇಳಿಯಲಿಲ್ಲ ಅಂತ ಕೊನೆಗೆ ಸರ್ಕಾರವೇ ಮಾಮೂಲಿ ದರಕ್ಕೆ ಮಿತಿ ಹಾಕಿತು. 2019ರ ಜನವರಿ 1ರಿಂದ ಜಾರಿ. ಸಾಧಾರಣ ಬಳಕೆಯ ಮನೆಗೆ ವರ್ಷಕ್ಕೆ 1,137 ಪೌಂಡ್ ಅಂತ ಪತ್ರಿಕೆಗಳಲ್ಲಿ ಬಂತು. ಇಲ್ಲೂ ಒಂದು ಗುಂಡಿ ಇದೆ. ಮಿತಿ ಇರುವುದು ಯೂನಿಟ್ ದರಕ್ಕೆ ಮತ್ತು ಸ್ಟ್ಯಾಂಡಿಂಗ್ ಚಾರ್ಜಿಗೆ. ಬಿಲ್ಲಿಗಲ್ಲ. ಜಾಸ್ತಿ ಸುಟ್ಟರೆ ಜಾಸ್ತಿ ಬಿಲ್. 2022ರ ಸೆಪ್ಟೆಂಬರಿನಲ್ಲಿ ಪ್ರಧಾನಿ ಲಿಜ್ ಟ್ರಸ್ ಅವರೇ, ಯಾರೂ 2,500 ಪೌಂಡಿಗಿಂತ ಜಾಸ್ತಿ ಕಟ್ಟಬೇಕಾಗಿಲ್ಲ ಅಂತ ರೇಡಿಯೋದಲ್ಲಿ ತಪ್ಪು ಹೇಳಿದರು. ದೇಶದ ಪ್ರಧಾನಿಗೇ ಕರೆಂಟ್ ಬಿಲ್ ಅರ್ಥವಾಗಿಲ್ಲ ಅಂದಮೇಲೆ ನಮ್ಮ ಹುಡುಗಿಯದೇನು ತಪ್ಪು?

2021ರಲ್ಲಿ ಗ್ಯಾಸಿನ ಸಗಟು ಬೆಲೆ ಗಗನಕ್ಕೇರಿತು. ಅಗ್ಗದ ದರ ತೋರಿಸಿ ಗ್ರಾಹಕರನ್ನು ಸೆಳೆದಿದ್ದ ಸಣ್ಣ ಕಂಪನಿಗಳು ಸಾಲಾಗಿ ಮುಳುಗಿದವು. ಅವುಗಳ ಗ್ರಾಹಕರನ್ನು ಬೇರೆ ಕಂಪನಿಗೆ ದಾಟಿಸಿದ ಖರ್ಚು ಎಲ್ಲರ ಸ್ಟ್ಯಾಂಡಿಂಗ್ ಚಾರ್ಜಿಗೆ ಸೇರಿತು. 2021ರಲ್ಲಿ ಕರೆಂಟಿಗೆ ದಿನಕ್ಕೆ ಸುಮಾರು 25 ಪೆನ್ಸ್ ಇದ್ದದ್ದು 2024ಕ್ಕೆ ಸುಮಾರು 60 ಪೆನ್ಸ್ ಆಯಿತು. ಈ ಏರಿಕೆಗೆ ಬೇರೆ ಕಾರಣಗಳೂ ಇವೆ, ಅದು ಒಂದು. ಒಂದು ಬಲ್ಬೂ ಹಾಕದಿದ್ದರೂ ಅಷ್ಟು ಕಟ್ಟಬೇಕು.

ಸರಿ, ರೆಡಿಂಗ್‌ಗೆ ಏನು ಹೇಳಿದೆ? ಮೊದಲು ಬಿಲ್ಲಿನಲ್ಲಿ ಹಣ ಬಿಟ್ಟು ಯೂನಿಟ್ ನೋಡು ಅಂದೆ. ಹೋದ ವರ್ಷ ಎಷ್ಟು ಯೂನಿಟ್ ಕರೆಂಟು, ಎಷ್ಟು ಯೂನಿಟ್ ಗ್ಯಾಸು. ಅದನ್ನು ಹೊಸ ಯೂನಿಟ್ ದರದಿಂದ ಗುಣಿಸು. ಸ್ಟ್ಯಾಂಡಿಂಗ್ ಚಾರ್ಜನ್ನು 365ರಿಂದ ಗುಣಿಸಿ ಸೇರಿಸು. ಕರೆಂಟಿಗೂ ಗ್ಯಾಸಿಗೂ ಬೇರೆ ಬೇರೆ ಮಾಡು. ಕಂಪನಿ ಬರೆದುಕೊಟ್ಟ ‘ಉಳಿತಾಯ’ದ ಸಾಲಿನ ಮೇಲೆ ಬೆರಳಿಟ್ಟು ಮುಚ್ಚಿಕೋ.

ಇಲ್ಲಿ ನನಗೂ ಒಂದು ಪಾಠ ಆಯಿತು. ‘ನೀನು 130 ಪೌಂಡ್ ಜಾಸ್ತಿ ಕೊಡ್ತೀಯ’ ಅಂತ ನಾನು ಹಾರಾಡಿದೆ. ಅವಳು ಕೇಳಿದಳು: ‘ಆದರೆ ಹಳೇ ದರ ಈಗ ಯಾರೂ ಕೊಡಲ್ವಲ್ಲ ಮಾಮ?’ ನಿಜವೇ. ಹಳೆಯ 1,560 ಮುಗಿದ ಕಥೆ. ಕಂಪನಿ ಹೋಲಿಸಿದ 1,880 ಸೋಮಾರಿಯ ದರ. ಹೋಲಿಸಬೇಕಾದದ್ದು ಇವೆರಡೂ ಅಲ್ಲ, ಇವತ್ತು ಅವಳ ಪಿನ್‌ಕೋಡಿಗೆ ಬೇರೆಯವರು ಏನು ಕೊಡುತ್ತಾರೆ ಅನ್ನುವುದು. ಪತ್ರದಲ್ಲಿ ಇಲ್ಲದಿದ್ದ ಒಂದೇ ಸಂಖ್ಯೆ ಅದು. ಒಂದು ಸಂಜೆ ಕೂತು ಹುಡುಕಿದಳು. 1,610ಕ್ಕೆ ಇನ್ನೊಂದು ಕಂಪನಿ ಸಿಕ್ಕಿತು.

ಇಷ್ಟೆಲ್ಲ ಬೆಂಗಳೂರಿನಲ್ಲಿ ಕೂತು ಯಾಕೆ ಓದಬೇಕು? ನಮಗೆ ಇರುವುದು ಒಂದೇ ಬೆಸ್ಕಾಂ, ನವೀಕರಣದ ಪತ್ರವೂ ಇಲ್ಲ, ಆಯ್ಕೆಯೂ ಇಲ್ಲ. 1905ರಲ್ಲಿ ಶಿವನಸಮುದ್ರದ ಕರೆಂಟು ಈ ಊರಿಗೆ ಬಂದು ಬೀದಿದೀಪ ಹತ್ತಿದಾಗಿನಿಂದ ಹಾಗೇ. ಮುಂಬೈಯಲ್ಲಿ ಮಾತ್ರ 2008ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಜನ ಒಂದು ಕಂಪನಿಯ ತಂತಿಯಲ್ಲೇ ಇನ್ನೊಂದು ಕಂಪನಿಯ ಕರೆಂಟು ತಗೊಳ್ಳುವಂತಾಯಿತು. ಒಂದೇ ತಂತಿಯಲ್ಲಿ ಹಲವು ಕಂಪನಿ ಅನ್ನುವ ಮಸೂದೆ 2022ರ ಆಗಸ್ಟಿನಲ್ಲಿ ಲೋಕಸಭೆಗೆ ಬಂದು ಸ್ಥಾಯಿ ಸಮಿತಿಗೆ ಹೋಯಿತು. ಆ ಮಾತು ಇನ್ನೂ ನಿಂತಿಲ್ಲ. ನಿಜವಾದರೆ ಐಡಿ ಕಾರ್ಡಿನ ಹುಡುಗರು ನಮ್ಮ ಅಪಾರ್ಟ್‌ಮೆಂಟಿನ ಗೇಟಿಗೂ ಬರುತ್ತಾರೆ.

ಅಲ್ಲಿವರೆಗೆ ಕಾಯಬೇಕಿಲ್ಲ. ಯೂನಿಟ್ ದರ ಮುಂದೆ, ಉಳಿದದ್ದು ಹಿಂದೆ ಅನ್ನುವ ಆಟ ನಮ್ಮ ಬಿಲ್ಲಿನಲ್ಲೂ ಇದೆ. 2023ರಲ್ಲಿ ಕರ್ನಾಟಕ ವಿದ್ಯುತ್ ನಿಯಂತ್ರಣ ಆಯೋಗ ಒಂದು ವಿಚಿತ್ರ ಮೆಟ್ಟಿಲು ಕಟ್ಟಿತ್ತು. 100 ಯೂನಿಟ್‌ವರೆಗೆ 4.75 ರೂಪಾಯಿ, 100 ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂಪಾಯಿ. 100 ಯೂನಿಟ್ಟಿಗೆ 475, 101ಕ್ಕೆ 707! ಮರುವರ್ಷ ಅದನ್ನು ತೆಗೆದು ಎಲ್ಲಕ್ಕೂ 5.90 ಮಾಡಿತು. 2025ರ ಏಪ್ರಿಲ್‌ನಿಂದ 5.80. ‘ಯೂನಿಟ್ಟಿಗೆ 10 ಪೈಸೆ ಇಳಿಕೆ’ ಅಂತ ಓದಿ ನಾನೂ ಖುಷಿಪಟ್ಟೆ.

ಆಮೇಲೆ ಬಿಲ್ ಬಂತು. ಗೃಹಜ್ಯೋತಿಯ 200 ಯೂನಿಟ್ ನಮ್ಮ ಮನೆಯಲ್ಲಿ ದಾಟುತ್ತದೆ, ಹಾಗಾಗಿ ಪೂರ್ತಿ ಕಟ್ಟುವವರು ನಾವು. ತಿಂಗಳಿಗೆ 220 ಯೂನಿಟ್. 10 ಪೈಸೆ ಇಳಿದದ್ದರಿಂದ ಉಳಿದದ್ದು 22 ರೂಪಾಯಿ. ಆದರೆ ನಿಗದಿತ ಶುಲ್ಕ ಕಿಲೋವ್ಯಾಟ್‌ಗೆ 120ರಿಂದ 145 ಆಗಿತ್ತು. ನಮ್ಮ ಮನೆಯ ಮಂಜೂರಾದ ಲೋಡ್ 5 ಕಿಲೋವ್ಯಾಟ್, ಅಲ್ಲಿಗೆ 125 ರೂಪಾಯಿ ಜಾಸ್ತಿ. ವಿದ್ಯುತ್ ನೌಕರರ ಪಿಂಚಣಿಗೆ ಅಂತ ಯೂನಿಟ್ಟಿಗೆ 36 ಪೈಸೆ, ಅದು 79 ರೂಪಾಯಿ. ಕೂಡಿ ಕಳೆದರೆ ‘ಇಳಿಕೆ’ ಆದ ಮೇಲೆ ನಾವು ತಿಂಗಳಿಗೆ 182 ರೂಪಾಯಿ ಜಾಸ್ತಿ ಕಟ್ಟತೊಡಗಿದೆವು. ತೆರಿಗೆ, ಇಂಧನ ಹೊಂದಾಣಿಕೆ ಶುಲ್ಕ ಇದರಲ್ಲಿ ಇಲ್ಲ.

5 ಕಿಲೋವ್ಯಾಟ್ ಯಾಕೆ ಬೇಕಿತ್ತು ಅಂತ ಯಾರೂ ನಮ್ಮನ್ನು ಕೇಳಿರಲಿಲ್ಲ. ಕಟ್ಟಿದ ಬಿಲ್ಡರ್ ಬರೆಸಿದ್ದು, ಹತ್ತು ವರ್ಷದಿಂದ ಹಾಗೇ ಬಂದಿದೆ. ಬಿಲ್ಲಿನ ಚೀಟಿಯಲ್ಲಿ ಆರ್‌ಆರ್ ನಂಬರಿನ ಕೆಳಗೆ ಮಾಸಿದ ಅಕ್ಷರದಲ್ಲಿ ಇರುತ್ತದೆ, ನಾವು ನೋಡುವುದು ಕೊನೆಯ ಮೊತ್ತ ಮಾತ್ರ. 3ಕ್ಕೆ ಇಳಿಸಲು ಅರ್ಜಿ ಹಾಕಬಹುದು. 2025ರ ದರದ ಪ್ರಕಾರ ತಿಂಗಳಿಗೆ 290 ರೂಪಾಯಿ ಉಳಿಯುತ್ತದೆ, ಇದು ಮಾತ್ರ ಈಗ ಕಟ್ಟುತ್ತಿರುವುದಕ್ಕೆ ಹೋಲಿಸಿದ ಉಳಿತಾಯ.

ಒಂದೇ ತೊಡಕು. 3 ಕಿಲೋವ್ಯಾಟ್ ಅಂದರೆ ಬೆಳಿಗ್ಗೆ ಎರಡು ಬಾತ್‌ರೂಮಿನ ಗೀಸರ್ ಒಟ್ಟಿಗೆ ಹಾಕುವಂತಿಲ್ಲ. ಮೊದಲು ಯಾರ ಸ್ನಾನ ಅನ್ನುವ ಬಗ್ಗೆ ಮನೆಯಲ್ಲಿ ಮಾತುಕತೆ ನಡೆಯುತ್ತಿದೆ. ಅರ್ಜಿ ಇನ್ನೂ ಫ್ರಿಜ್ಜಿನ ಮೇಲಿದೆ.